ಐಹೊಳೆ ಬರೀ ‘ಪ್ರಯೋಗಶಾಲೆ’ನಾ? ಚಾಲುಕ್ಯರ ಗುಡಿಗಳನ್ನು ಕಡೆದ ಕೈಗಳ ಬಗ್ಗೆ ಮಾತಾಡೋಣ

ತುಮಕೂರಿನ ಸಂಪಿಗೆ

ಎಲ್ಲರಿಗೂ ನಮಸ್ಕಾರ. ಕಳೆದ ವಾರ ಅಮ್ಮನ ಜೊತೆ ಬಾದಾಮಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆ ನೋಡಿ ಬಂದೆ. ಶಾಲೆಯಲ್ಲಿದ್ದಾಗ ಪ್ರವಾಸಕ್ಕೆ ಹೋಗಿದ್ದೆ. ಆಗಿನದರಲ್ಲಿ ನೆನಪಿರುವುದು ಮಂಗಗಳು ಮತ್ತು ಮೆಟ್ಟಿಲು ಮಾತ್ರ. ಈ ಸಲ ಮೂರು ದಿನ ನಿಧಾನವಾಗಿ ನೋಡಿದೆವು. ಬಂದಾಗಿನಿಂದ ಒಂದು ಪ್ರಶ್ನೆ ತಲೆಯಿಂದ ಹೋಗುತ್ತಿಲ್ಲ.

ಐಹೊಳೆಯಲ್ಲಿ ನಮ್ಮ ಜೊತೆ ಬಂದ ಗೈಡ್ ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದರು. "ಇದು ಪ್ರಯೋಗಶಾಲೆ. ಇಲ್ಲಿ ಕಲಿತರು, ಬಾದಾಮಿಯಲ್ಲಿ ತಿದ್ದಿಕೊಂಡರು, ಪಟ್ಟದಕಲ್ಲಿನಲ್ಲಿ ಪಾಸಾದರು." ಕೇಳೋಕೆ ಚೆನ್ನಾಗಿದೆ. ಆದರೆ ಲಾಡಖಾನ್ ಗುಡಿಯೊಳಗೆ ಕೂತಾಗ ಇದು ಕಲಿಯುತ್ತಿರುವವರ ಕೆಲಸ ಅಂತ ನನಗೆ ಅನ್ನಿಸಲಿಲ್ಲ. ನಡುವೆ ನಂದಿ, ಸುತ್ತ ದಪ್ಪ ಕಂಬಗಳು. ಹೊರಗೆ ಬಂದು ಮೇಲೆ ನೋಡಿದರೆ ಇಳಿಜಾರಾಗಿ ಹಾಸಿದ ಕಲ್ಲಿನ ಚಪ್ಪಡಿಗಳು. ಎರಡು ಚಪ್ಪಡಿ ಸೇರುವ ಸಂದಿಯ ಮೇಲೆ ಉದ್ದಕ್ಕೆ ಕಲ್ಲಿನ ಪಟ್ಟಿ ಹೊದಿಸಿದ್ದಾರೆ. ನೀರು ಒಳಗೆ ಇಳಿಯಬಾರದು ಅಂತ. ನಮ್ಮ ಅಜ್ಜಿ ಮನೆಯ ಮಾಡಿನಲ್ಲಿ ಮರದ ಪಟ್ಟಿ ಹೊಡೆದ ಹಾಗೇ ಇತ್ತು. ಅಮ್ಮ ಅದನ್ನೇ ನೋಡುತ್ತಾ "ಇವರಿಗೆ ಮಳೆ ಗೊತ್ತಿತ್ತು ಕಣೇ" ಅಂದರು.

ನನ್ನ ಪ್ರಶ್ನೆ ಎರಡು. ಈ ಪ್ರಯೋಗಶಾಲೆ ಅನ್ನುವ ಮಾತು ಎಷ್ಟು ಸರಿ? ಎರಡನೆಯದು, ಇದನ್ನೆಲ್ಲ ಕಡೆದವರು ಯಾರು? ರಾಜರ ಹೆಸರು ಬೋರ್ಡಿನಲ್ಲಿದೆ. ಉಳಿ ಹಿಡಿದವರ ಹೆಸರು ಎಲ್ಲಾದರೂ ಉಳಿದಿದೆಯಾ?

ಗುಳೇದಗುಡ್ಡ ಮಾಸ್ತರ

ತಂಗೀ, ನಮ್ಮ ಸೀಮೆಗೆ ಬಂದು ಮೂರು ದಿನ ಇದ್ದು ನೋಡಿದಿರಿ, ಖುಷಿಯಾಯಿತು. ಹೆಚ್ಚಿನವರು ಬೆಳಗ್ಗೆ ಬಾದಾಮಿ, ಮಧ್ಯಾಹ್ನ ಪಟ್ಟದಕಲ್ಲು, ಸಂಜೆ ಬಸ್ಸು ಅನ್ನುವವರು.

ಮೊದಲನೇ ಪ್ರಶ್ನೆಗೆ ನನ್ನ ಉತ್ತರ: ಆ ಮಾತು ಹಳೆಯದು, ಈಗ ಅದನ್ನು ಬಿಡಬೇಕು. ಹಳೆಯ ಪುಸ್ತಕಗಳಲ್ಲಿ ಲಾಡಖಾನ್ ಗುಡಿ 5ನೇ ಶತಮಾನದ್ದು ಅಂತ ಬರೆದಿದ್ದರು. ಕಾರಣ ಏನು ಗೊತ್ತಾ? ಅದು ನೋಡಲು ಸಾದಾ. ಸಾದಾ ಇದ್ದದ್ದು ಮೊದಲಿನದು, ಶಿಖರ ಇದ್ದದ್ದು ಆಮೇಲಿನದು, ಇಷ್ಟೇ ಲೆಕ್ಕ. ಹಾಗೆ ನೋಡಿದರೆ ನಮ್ಮ ಊರಿನ ಹಂಚಿನ ಮನೆಗಳೆಲ್ಲ ಆರ್‌ಸಿಸಿ ಮನೆಗಳಿಗಿಂತ ಹಳೆಯವೇ ಆಗಬೇಕು. ಈಗ ಹೆಚ್ಚಿನ ವಿದ್ವಾಂಸರು ಲಾಡಖಾನ್ ಗುಡಿಯನ್ನು 5ನೇ ಶತಮಾನಕ್ಕೆ ಒಯ್ಯುವುದಿಲ್ಲ. ಅದು ಚಾಲುಕ್ಯರ ಕಾಲದ್ದೇ.

ಗಟ್ಟಿಯಾಗಿ ಕಾಲ ಗೊತ್ತಿರುವ ಗೂಟಗಳನ್ನು ಹಿಡಿದು ನೋಡಿ. ಬಾದಾಮಿ ಕೋಟೆಯ ಬಂಡೆಯ ಮೇಲೆ 1ನೇ ಪುಲಕೇಶಿಯ ಶಾಸನ ಇದೆ, 543ರದ್ದು. ಬಾದಾಮಿಯ 3ನೇ ಗುಹೆ 578. ಮಹಾಕೂಟದ ಕಂಬದ ಶಾಸನ ಚಾಲುಕ್ಯ ರಾಜ ಮಂಗಲೇಶನ ಕಾಲದ್ದು, 602 (ಆ ಕಂಬ ಈಗ ವಿಜಯಪುರದ ಮ್ಯೂಸಿಯಂನಲ್ಲಿದೆ). ಐಹೊಳೆಯ ಗುಡ್ಡದ ಮೇಲಿನ ಮೇಗುತಿ ಬಸದಿ 634. ಅಂದರೆ ಬಾದಾಮಿಯ ಗುಹೆ ಐಹೊಳೆಯ ಮೇಗುತಿಗಿಂತ 56 ವರ್ಷ ಮೊದಲು ಆಗಿದೆ. ಇನ್ನು ಐಹೊಳೆಯ ದುರ್ಗದ ಗುಡಿ. ಅದರ ಬಾಗಿಲಲ್ಲಿ 2ನೇ ವಿಕ್ರಮಾದಿತ್ಯನ ಕಾಲದ ಶಾಸನ ಇದೆ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಕಟ್ಟಿಸಿದ್ದು ಅದೇ ವಿಕ್ರಮಾದಿತ್ಯನ ರಾಣಿ. ಹಾಗಾದರೆ ಎರಡರ ನಡುವೆ ಹೆಚ್ಚೆಂದರೆ ಕೆಲವೇ ದಶಕಗಳ ಅಂತರ. ಇಲ್ಲಿ ಕಲಿತು ಅಲ್ಲಿ ಪಾಸಾಗುವುದು ಹೇಗೆ? ಒಂದೇ ಕಾಲಕ್ಕೆ ಮೂರು ಊರಿನಲ್ಲೂ ಉಳಿ ಸದ್ದು ಕೇಳುತ್ತಿತ್ತು.

ಅಂದಹಾಗೆ ದುರ್ಗದ ಗುಡಿಗೂ ದುರ್ಗಾದೇವಿಗೂ ಸಂಬಂಧ ಇಲ್ಲ. ದುರ್ಗ ಅಂದರೆ ಕೋಟೆ. ಕೋಟೆ ಪಕ್ಕದ ಗುಡಿ. ಆ ಶಾಸನದ ಪ್ರಕಾರ ಅದು ಆದಿತ್ಯನ ಅಂದರೆ ಸೂರ್ಯನ ಗುಡಿ.

ವಾಸ್ತು ವಿದ್ಯಾರ್ಥಿ

ಮಾಸ್ತರರೇ, ಕಾಲದ ವಿಷಯ ಒಪ್ಪುತ್ತೇನೆ. ಆದರೆ ಪ್ರಯೋಗ ಅನ್ನುವ ಪದವನ್ನೇ ಪೂರ್ತಿ ಬಿಡಬೇಕಾ? ದುರ್ಗದ ಗುಡಿಯನ್ನೇ ತಗೊಳ್ಳಿ. ಹಿಂಭಾಗ ಆನೆಯ ಬೆನ್ನಿನ ಹಾಗೆ ದುಂಡಗೆ. ಸುತ್ತ ತೆರೆದ ಕಂಬಗಳ ಸಾಲು. ಮೇಲೆ ಉತ್ತರದ ಬಗೆಯ ಶಿಖರ. ದುಂಡು ಗೋಡೆಯ ಮೇಲೆ ಆ ಶಿಖರ ಕೂರಿಸುವುದು ಸುಲಭ ಅಲ್ಲ. ಯಾರೋ ಒಬ್ಬರು ಮಾಡಿ ನೋಡೋಣ ಅಂದಿದ್ದಾರೆ.

ಪಟ್ಟದಕಲ್ಲಿನ ಪಾಪನಾಥ ಗುಡಿಯೂ ಹಾಗೇ. ಶಿಖರ ನಾಗರ (ಉತ್ತರದ ಬಗೆ), ಮಂಟಪದ ಅಂಚಿನ ಸಾಲು ದ್ರಾವಿಡ (ದಕ್ಷಿಣದ ಬಗೆ). ಕಾಲೇಜಿನಲ್ಲಿ ಇದನ್ನು "ಗೊಂದಲ" ಅಂತ ಹೇಳಿಕೊಟ್ಟಿದ್ದರು. ನಾನು ಅಳತೆ ತೆಗೆದು ಚಿತ್ರ ಬರೆಯುವಾಗ ಅಲ್ಲಿ ಗೊಂದಲ ಕಾಣಲಿಲ್ಲ. ಎರಡು ಭಾಷೆ ಚೆನ್ನಾಗಿ ಬಲ್ಲವರು ಒಂದೇ ಮಾತಿನಲ್ಲಿ ಎರಡನ್ನೂ ಬೆರೆಸುತ್ತಾರಲ್ಲ, ಹಾಗೆ.

ಗುಳೇದಗುಡ್ಡ ಮಾಸ್ತರ

ಹಾಗೆ ಹೇಳಿದರೆ ನನ್ನ ತಕರಾರು ಇಲ್ಲ. ಬಲ್ಲವರ ಪ್ರಯೋಗ ಬೇರೆ, ಬಾರದವರ ತಡಕಾಟ ಬೇರೆ. ಗೈಡ್‌ಗಳು ಹೇಳುವುದು ಎರಡನೆಯದು.

ಕಲ್ಲು ಕೆಲಸದವ

ಅಕ್ಕಾ, ನಿಮ್ಮ ಎರಡನೇ ಪ್ರಶ್ನೆ ನೋಡಿ ಬರೆಯೋಣ ಅನ್ನಿಸಿತು. ನಾನು ಕೋಲಾರ ಜಿಲ್ಲೆ ಶಿವಾರಪಟ್ಟಣದಲ್ಲಿ ಕೆಲಸ ಕಲಿತವನು. 22 ವರ್ಷದಿಂದ ಇದೇ ಕಸುಬು. ಶಾಸನ ಓದೋಕೆ ಬರಲ್ಲ, ಆದರೆ ಕಲ್ಲು ಓದುತ್ತೇನೆ.

ಬಾದಾಮಿ ಕಡೆಯದ್ದು ಮರಳುಗಲ್ಲು. ನಾವು ಕೆಲಸ ಮಾಡುವ ಕೃಷ್ಣಶಿಲೆಗೂ ಅದಕ್ಕೂ ತುಂಬಾ ವ್ಯತ್ಯಾಸ. ಮರಳುಗಲ್ಲಿಗೆ ಪದರ ಇರುತ್ತದೆ. ಬಾದಾಮಿಯ ಬಂಡೆಯನ್ನು ಕೆರೆಯ ಆಚೆಯಿಂದ ನೋಡಿದರೆ ಅಡ್ಡಡ್ಡ ಗೆರೆಗಳು ಕಾಣುತ್ತವೆ ಅಲ್ವಾ, ಅವೇ. ಗಣಿಯಲ್ಲಿ ಆ ಪದರದ ಗುಂಟ ಸಾಲಾಗಿ ಗುಳಿ ಹೊಡೆದು, ಬೆಣೆ ಇಟ್ಟು, ಒಂದೊಂದಕ್ಕೂ ಸರದಿಯಲ್ಲಿ ಏಟು ಹಾಕಿದರೆ ಕಲ್ಲು ಬಿಡಿಸಿಕೊಳ್ಳುತ್ತದೆ. ಗೋಡೆಗೆ ಇಡುವಾಗ ಪದರ ಮಲಗಿದ ಹಾಗೆಯೇ ಇಡಬೇಕು. ನಿಲ್ಲಿಸಿ ಇಟ್ಟರೆ ಮಳೆ ನೀರು ಪದರದೊಳಗೆ ಇಳಿದು ಈರುಳ್ಳಿ ಸಿಪ್ಪೆ ಹಾಗೆ ಬಿಟ್ಟುಕೊಳ್ಳುತ್ತದೆ. 1300 ವರ್ಷ ನಿಂತಿವೆ ಅಂದರೆ ಅವರಿಗೆ ಇದು ಚೆನ್ನಾಗಿ ಗೊತ್ತಿತ್ತು.

ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸಿದ್ದಾರೆ. ಬರೀ ತೂಕದ ಮೇಲೆ ನಿಂತಿದೆ. ಅದಕ್ಕೆ ಎರಡು ಕಲ್ಲು ಮುಟ್ಟುವ ಮುಖ ಎಷ್ಟು ಸಮ ಇರಬೇಕು ಯೋಚನೆ ಮಾಡಿ. ಶಿಲ್ಪಕ್ಕೆ ಎಲ್ಲರೂ ಬೆರಗಾಗುತ್ತಾರೆ. ನಾನು ಜಾಸ್ತಿ ಹೊತ್ತು ನೋಡುವುದು ಸಂದಿಗಳನ್ನು.

ಇನ್ನೊಂದು ವಿಷಯ. ದೊಡ್ಡ ಶಿಲ್ಪಗಳ ಮೇಲೆ ಕಲ್ಲಿನ ಸಂದಿ ಹಾದುಹೋಗಿರುತ್ತದೆ. ದೇವರ ತೊಡೆ ಒಂದು ಕಲ್ಲಿನಲ್ಲಿ, ಸೊಂಟ ಮೇಲಿನ ಕಲ್ಲಿನಲ್ಲಿ. ಕೆಳಗೆ ಕಡೆದು ಆಮೇಲೆ ಜೋಡಿಸಿದ್ದರೆ ಗೆರೆ ಅಷ್ಟು ಸರಿಯಾಗಿ ಕೂಡುವುದು ಕಷ್ಟ. ಮೊದಲು ಗೋಡೆ ಎಬ್ಬಿಸಿದ್ದಾರೆ, ಶಿಲ್ಪ ಬರುವ ಜಾಗದಲ್ಲಿ ಕಲ್ಲನ್ನು ಉಬ್ಬಾಗಿ ಬಿಟ್ಟಿದ್ದಾರೆ, ಆಮೇಲೆ ಅಟ್ಟಣೆ ಕಟ್ಟಿ ಅಲ್ಲೇ ಕಡೆದಿದ್ದಾರೆ. ಪಟ್ಟದಕಲ್ಲಿನಲ್ಲಿ ಅರ್ಧಕ್ಕೆ ನಿಂತ ಕೆಲಸ ಹುಡುಕಿ ನೋಡಿ. ಮಲ್ಲಿಕಾರ್ಜುನ ಗುಡಿಯಲ್ಲಿ ಸಿಗುತ್ತದೆ. ಪೂರ್ತಿ ಆದ ಶಿಲ್ಪ ಏನೂ ಹೇಳಲ್ಲ. ಅರ್ಧ ಆದದ್ದು ಎಲ್ಲ ಹೇಳುತ್ತದೆ. ಮೊದಲು ಒರಟು ಆಕಾರ, ಆಮೇಲೆ ಭುಜ ಮೊಣಕಾಲು ಬೇರೆ ಮಾಡಿದ್ದು, ಕೊನೆಗೆ ಒಡವೆ, ಕಣ್ಣು. ನಮ್ಮ ಗುರುಗಳು ನನಗೆ ಕಲಿಸಿದ್ದೂ ಇದೇ ಕ್ರಮದಲ್ಲಿ. ಅಲ್ಲಿ ಆ ಕಲ್ಲಿನ ಮುಂದೆ ನಿಂತಾಗ ನನಗೆ ಮೈ ಜುಮ್ಮೆಂದಿತು. ಊಟಕ್ಕೆ ಎದ್ದು ಹೋದವರು ಇನ್ನೇನು ಬಂದುಬಿಡುತ್ತಾರೆ ಅನ್ನಿಸಿತು.

ಹೊಸ ಸದಸ್ಯ

ಅಣ್ಣ, ವಿಡಿಯೋಗಳಲ್ಲಿ ಆ ಕಾಲದಲ್ಲಿ ಯಂತ್ರ ಇತ್ತು, ಕಲ್ಲು ಕರಗಿಸಿ ಅಚ್ಚು ಹಾಕುತ್ತಿದ್ದರು ಅಂತೆಲ್ಲ ಹೇಳುತ್ತಾರೆ. ನಿಜಾನಾ? ಕೈಯಲ್ಲಿ ಅಷ್ಟು ನಯ ಬರುತ್ತಾ?

ಕಲ್ಲು ಕೆಲಸದವ

ತಮ್ಮಾ, ಬರುತ್ತೆ. ಉಳಿ, ಸುತ್ತಿಗೆ, ನೂಲು, ಮೂಲೆಮಟ್ಟ, ತೂಕದ ಗುಂಡು. ಕೊನೆಗೆ ಉಜ್ಜೋಕೆ ಮರಳು, ನೀರು. ಇಷ್ಟು ಸಾಕು. ಜೊತೆಗೆ ಒಬ್ಬ ಒಳ್ಳೆ ಕಮ್ಮಾರ ಬೇಕು. ಮರಳುಗಲ್ಲು ಉಳಿಯ ಮೊನೆಯನ್ನು ಬೇಗ ತಿಂದುಬಿಡುತ್ತದೆ. ದಿನಾ ಉಳಿ ಕಾಯಿಸಿ, ಬಡಿದು, ಹದ ಹಾಕಿಕೊಡುವವನು ಇಲ್ಲದಿದ್ದರೆ ಶಿಲ್ಪಿ ಕೈಕಟ್ಟಿ ಕೂರಬೇಕು. ಆ ಗುಡಿಗಳ ಪಕ್ಕದಲ್ಲಿ ಕುಲುಮೆ ಇರಲೇಬೇಕು.

ಕಲ್ಲು ಕರಗಿಸಿದ್ದರೆ ಅದರೊಳಗೆ ಪದರ ಉಳಿಯುತ್ತಿರಲಿಲ್ಲ. ಬಾದಾಮಿಯ ಗುಹೆಗಳಲ್ಲಿ ಬಂಡೆಯ ಪದರದ ಬಣ್ಣದ ಗೆರೆ ಕಂಬದ ಮೇಲೂ ಮೂರ್ತಿಯ ಮೇಲೂ ಹಾಗೇ ಮುಂದುವರಿದಿದೆ. ನೀನೇ ಹೋಗಿ ನೋಡು. ಗುಂಡಗೆ ತಿರುಗಿಸಿ ಮಾಡಿದ ಕಂಬ ಬೇಕಿದ್ದರೆ ಲಕ್ಕುಂಡಿ ಕಡೆ ಹೋಗು. ಆದರೆ ಅದು 11, 12ನೇ ಶತಮಾನದ ಕಲ್ಯಾಣದ ಚಾಲುಕ್ಯರ ಕಾಲ, ಕಲ್ಲೂ ಮೆತ್ತಗಿನದು. ಬಾದಾಮಿಯವರ ಕಾಲದಲ್ಲಿ ಕಂಬ ಹೆಚ್ಚಾಗಿ ಚೌಕ.

ಯಂತ್ರ ಇತ್ತು ಅನ್ನುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಮನುಷ್ಯನ ಕೈಗೆ ಇಷ್ಟು ಆಗಲ್ಲ ಅಂತ ಅವರು ಮೊದಲೇ ತೀರ್ಮಾನ ಮಾಡಿರುತ್ತಾರೆ. ನಮ್ಮ ಕೈ ಇನ್ನೂ ಮಾಡುತ್ತಿದೆ, ಬಂದು ನೋಡಲಿ.

ಹಳಗನ್ನಡ ಓದುಗ

ಕಲ್ಲು ಕೆಲಸದ ಅಣ್ಣನವರ ಬರಹ ಓದಿ ತುಂಬಾ ಸಂತೋಷ. ಹೆಸರುಗಳ ವಿಷಯಕ್ಕೆ ಬರುತ್ತೇನೆ. ಹೆಸರುಗಳು ಉಳಿದಿವೆ, ಸಂಪಿಗೆ ಅವರೇ. ಅದೂ ಕನ್ನಡದಲ್ಲಿ.

ವಿರೂಪಾಕ್ಷ ಗುಡಿಯ ಪೂರ್ವದ ಬಾಗಿಲಿಗೆ ಹೋಗಿ. ವಿಕ್ರಮಾದಿತ್ಯ ಕಂಚಿಯನ್ನು 3 ಸಲ ಗೆದ್ದ ನೆನಪಿಗೆ ಲೋಕಮಹಾದೇವಿ ಈ ಗುಡಿ ಮಾಡಿಸಿದಳು ಅಂತ ಅಲ್ಲಿದೆ. ಅದಕ್ಕೇ ಗುಡಿಯ ಮೊದಲ ಹೆಸರು ಲೋಕೇಶ್ವರ. ಆ ಶಾಸನ ಅಲ್ಲಿಗೇ ನಿಲ್ಲುವುದಿಲ್ಲ. ಕಟ್ಟಿದ ಸೂತ್ರಧಾರಿಯ, ಅಂದರೆ ಮುಖ್ಯ ಶಿಲ್ಪಿಯ ಹೆಸರು ಗುಂಡ. ಅವನಿಗೆ ಅನಿವಾರಿತಾಚಾರಿ ಅನ್ನುವ ಬಿರುದು, ತ್ರಿಭುವನಾಚಾರಿ ಅನ್ನುವ ಹೆಸರು, ಪೆರ್ಜೆರೆಪು ಎಂಬ ಗೌರವದ ಪಟ್ಟ. ರಾಣಿಯ ಹೆಸರು ಇರುವ ಕಲ್ಲಿನಲ್ಲೇ ಕಟ್ಟಿದವನ ಹೆಸರೂ ಇದೆ.

ಇನ್ನೊಬ್ಬ ಸರ್ವಸಿದ್ಧಿ ಆಚಾರಿ. ಅವನನ್ನು ತೆಂಕಣ ದಿಶೆಯ ಸೂತ್ರಧಾರಿ ಅಂತ ಕರೆದಿದ್ದಾರೆ. ತೆಂಕಣ ಅಂದರೆ ದಕ್ಷಿಣ. ಅವನು ಬರೀ ಗುಡಿ ಕಟ್ಟುವವನಲ್ಲ. ಹಲವು ಊರುಗಳ ವಾಸ್ತುಪಿತಾಮಹ, ಮನೆ, ಅರಮನೆ, ವಾಹನ, ಆಸನ, ಮಂಚ, ಮಣಿಮಕುಟ, ಚೂಡಾಮಣಿ ಎಲ್ಲ ಬಲ್ಲವನು ಅಂತ ಹೊಗಳಿದ್ದಾರೆ. ಕಿರೀಟವನ್ನು ರೂಪಿಸುವ ಕೈಯೇ ಊರನ್ನೂ ರೂಪಿಸುತ್ತಿತ್ತು ಅನ್ನುವುದು ನನಗೆ ಬಹಳ ದೊಡ್ಡ ಸುದ್ದಿ. ಪಟ್ಟದಕಲ್ಲಿನ ಶಿಲ್ಪಗಳಲ್ಲಿ ಕಿರೀಟದ ಕೆಲಸ ಯಾಕೆ ಅಷ್ಟು ಬಿಗಿಯಾಗಿ, ನಿಜವಾಗಿ ತಲೆಗೆ ಇಟ್ಟುಕೊಳ್ಳಬಹುದು ಅನ್ನುವ ಹಾಗಿದೆ ಅಂತ ಆಗ ಅರ್ಥವಾಯಿತು.

ಪಾಪನಾಥ ಗುಡಿಯಲ್ಲಿ ರೇವಡಿ ಓವಜ್ಜ ಅನ್ನುವವನ ಹೆಸರಿದೆ. ಅವನು ಈ ಸರ್ವಸಿದ್ಧಿ ಆಚಾರಿಯ ಬಳಗಕ್ಕೆ ಸೇರಿದವನು. ಓವಜ್ಜ ಅಂದರೆ ಓಜ, ಉಪಾಧ್ಯಾಯ. ಪಟ್ಟದಕಲ್ಲಿನಲ್ಲಿ ಬಲದೇವ ಅನ್ನುವವನೂ ತನ್ನ ಹೆಸರು ಬಿಟ್ಟಿದ್ದಾನೆ. ದುಗ್ಗಿ ಆಚಾರಿಯ ಮಗ ಅಂತ ಅಪ್ಪನ ಹೆಸರನ್ನೂ ಸೇರಿಸಿದ್ದಾನೆ. ಐಹೊಳೆಯ ಒಂದು ಬರಹ ನರಸೊಬ್ಬ ಅನ್ನುವವನ ಬಗ್ಗೆ. ಮನೆ ಮತ್ತು ದೇಗುಲ ಕಟ್ಟುವುದರಲ್ಲಿ ಅವನಿಗೆ ಸಮಾನನಾದವನು ಜಂಬೂದ್ವೀಪದಲ್ಲಿ ಹಿಂದೆ ಆಗಿಲ್ಲ, ಮುಂದೆ ಆಗುವುದೂ ಇಲ್ಲ ಅನ್ನುತ್ತದೆ ಅದು.

ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದದ್ದು ಬಾದಾಮಿಯ 3ನೇ ಗುಹೆಯ ಹೊರಗಿನ ಪುಟ್ಟ ಕನ್ನಡ ಬರಹ. ಅಷ್ಟು ದೊಡ್ಡ ವಿಷ್ಣುವಿನ ಗುಹೆಯನ್ನು ಆ ಶಾಸನ ಏನಂತ ಕರೆಯುತ್ತದೆ ಗೊತ್ತಾ? ಮಂಗಲೀಶನ (ಮಂಗಲೇಶನ) ಕಲ್ಮನೆ. ಕಲ್ಲಿನ ಮನೆ, ಅಷ್ಟೇ. ಆ ಕಲ್ಮನೆಗೆ ಲಂಜಿಗೇಸರ ಅನ್ನುವ ಊರನ್ನು ಬಿಟ್ಟುಕೊಟ್ಟದ್ದು, ದೇವರಿಗೆ ಹೂ ಕಟ್ಟುವ ಮಾಲೆಗಾರರ ಸಲುವಾಗಿ. ಒಳಗೆ ಕಂಬದ ಮೇಲಿನ ಸಂಸ್ಕೃತ ಶಾಸನ ರಾಜರ ವೈಭವ ಹೇಳುತ್ತದೆ. ಹೊರಗಿನ ಕನ್ನಡ ಹೂ ಕಟ್ಟುವವರ ಲೆಕ್ಕ ಬರೆದಿಟ್ಟಿದೆ.

ತುಮಕೂರಿನ ಸಂಪಿಗೆ

ಕಲ್ಮನೆ! ಓದಿದ ತಕ್ಷಣ ಅಮ್ಮನಿಗೆ ಹೇಳಿದೆ. ನಾವು ಆ ಗುಹೆಯಲ್ಲಿ ಅರ್ಧ ದಿನ ಇದ್ದೆವು, ಅದನ್ನು ನೋಡಲೇ ಇಲ್ಲ. ಯಾರೂ ತೋರಿಸಲಿಲ್ಲ. ಹಾವಿನ ಸುರುಳಿಯ ಮೇಲೆ ಕೂತ ವಿಷ್ಣುವನ್ನು ನೋಡಿದೆವು. ತ್ರಿವಿಕ್ರಮನ ಎತ್ತಿದ ಕಾಲು, ಕಂಬದ ಬೋದಿಗೆಯಲ್ಲಿ ಗಂಡ ಹೆಂಡತಿ ಜೋಡಿಗಳು, ಎಲ್ಲ ನೋಡಿದೆವು. ಒಂದು ಜೋಡಿಯಲ್ಲಿ ಆಕೆ ಅವನ ಭುಜಕ್ಕೆ ಒರಗಿ ನಿಂತಿದ್ದಾಳೆ. ಅಮ್ಮ ಅದರ ಮುಂದೆ ಸುಮ್ನೆ ನಿಂತುಬಿಟ್ಟರು. ಅಪ್ಪ ಹೋಗಿ ಎರಡು ವರ್ಷ ಆಯಿತು. ನಾನೂ ಏನೂ ಮಾತಾಡಲಿಲ್ಲ.

ಕಲ್ಲು ಕೆಲಸದ ಅಣ್ಣಾ, ಒಂದು ಪ್ರಶ್ನೆ. ಗುಹೆಯಲ್ಲಿ ಹೊರಗಿನಿಂದ ಕಲ್ಲು ತಂದು ಇಡೋಕೆ ಆಗಲ್ಲ ಅಲ್ವಾ? ತಪ್ಪಾದರೆ ಏನು ಮಾಡುತ್ತಿದ್ದರು?

ಕಲ್ಲು ಕೆಲಸದವ

ಅಕ್ಕಾ, ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ಗುಹೆಯಲ್ಲಿ ಕೆಲಸ ಮೇಲಿನಿಂದ ಕೆಳಕ್ಕೆ. ಮೊದಲು ಬಂಡೆಯ ಮುಖವನ್ನು ನೆಟ್ಟಗೆ ತೆಗೆಯಬೇಕು. ಆಮೇಲೆ ಚಾವಣಿಯ ಮಟ್ಟ ಹಿಡಿದು ಒಳಕ್ಕೆ ಹೋಗುವುದು. ಹಾಗೆ ಕೆಳಗೆ ಇಳಿಯುತ್ತಾ ಬಂದರೆ ಅಟ್ಟಣೆ ಬೇಕಿಲ್ಲ, ನಿಂತಿರುವ ಕಲ್ಲೇ ಅಟ್ಟಣೆ. ಕಂಬ ಎಲ್ಲಿ ಬರುತ್ತದೋ ಅಲ್ಲಿ ಕಲ್ಲು ಬಿಟ್ಟುಕೊಂಡೇ ಇಳಿಯಬೇಕು. ಅಂದರೆ ಮೊದಲ ದಿನವೇ ಕೊನೆಯ ಕಂಬದ ಜಾಗ ಗೊತ್ತಿರಬೇಕು. 3ನೇ ಗುಹೆಯ ಮುಂಭಾಗ ಸುಮಾರು 21 ಮೀಟರ್ ಅಗಲ ಇದೆ. ಅಷ್ಟು ಉದ್ದಕ್ಕೂ ಕಂಬಗಳು ಒಂದೇ ಸಾಲಿನಲ್ಲಿ ನಿಂತಿವೆ. ನೂಲು ಹಿಡಿದವನ ಕೈಗೆ ನಾನು ಮುಗಿಯುತ್ತೇನೆ. ತಪ್ಪಾದರೆ ಮತ್ತೆ ಕಲ್ಲು ಹುಟ್ಟಿಸೋಕೆ ಆಗಲ್ಲ. ಆಕಾರವನ್ನು ಸ್ವಲ್ಪ ಒಳಕ್ಕೆ ತಗೊಂಡು ಸರಿ ಮಾಡಬೇಕು, ಅದಕ್ಕೆ ಮೊದಲೇ ಜಾಸ್ತಿ ಕಲ್ಲು ಬಿಟ್ಟುಕೊಂಡಿರಬೇಕು. 1ನೇ ಗುಹೆಯ 18 ಕೈಯ ನಟರಾಜನನ್ನು ನೋಡಿ. ಒಂದರ ಹಿಂದೆ ಒಂದು ಕೈ. ಮುಂದಿನ ಕೈ ಒಂದು ಬೆರಳಷ್ಟು ಆಳಕ್ಕೆ ಹೋಗಿದ್ದರೂ ಹಿಂದಿನದಕ್ಕೆ ಜಾಗ ಇರುತ್ತಿರಲಿಲ್ಲ.

ಚೆನ್ನೈ ಕನ್ನಡಿಗ

ಕೆಲಸದ ಮೇಲೆ ಇಲ್ಲಿ ಬಂದು ನೆಲೆಸಿ 15 ವರ್ಷ. ಕಂಚಿಯನ್ನು ಆಳಿದ ಪಲ್ಲವರ ಕಡೆಯಿಂದ ಒಂದೆರಡು ಮಾತು ಸೇರಿಸುತ್ತೇನೆ.

ವಿಳುಪ್ಪುರಂ ಹತ್ತಿರ ಮಂಡಗಪಟ್ಟು ಅನ್ನುವ ಪುಟ್ಟ ಊರು. ಅಲ್ಲಿ 1ನೇ ಮಹೇಂದ್ರವರ್ಮ ಕೊರೆಸಿದ ಸಣ್ಣ ಗುಹೆ ಇದೆ. ಇಟ್ಟಿಗೆ ಇಲ್ಲದೆ, ಮರ ಇಲ್ಲದೆ, ಲೋಹ ಇಲ್ಲದೆ, ಗಾರೆ ಇಲ್ಲದೆ ಬ್ರಹ್ಮ, ಈಶ್ವರ, ವಿಷ್ಣುಗಳಿಗೆ ವಿಚಿತ್ರಚಿತ್ತನು ಈ ಮನೆ ಮಾಡಿಸಿದ ಅಂತ ಅಲ್ಲಿ ಬರೆಸಿದ್ದಾನೆ. ವಿಚಿತ್ರಚಿತ್ತ ಅವನದೇ ಬಿರುದು. ಇದನ್ನು ಓದಿದರೆ ಅದಕ್ಕೂ ಮೊದಲು ಗುಡಿಗಳು ಯಾವುದರಿಂದ ಆಗುತ್ತಿದ್ದವು ಅಂತ ಗೊತ್ತಾಗುತ್ತದೆ. ಇಟ್ಟಿಗೆ, ಮರ, ಗಾರೆ. ಅವೆಲ್ಲ ಹೋಗಿಬಿಟ್ಟಿವೆ. ಲಾಡಖಾನ್ ಗುಡಿಯಲ್ಲಿ ಮರದ ಪಟ್ಟಿಯ ಹಾಗೆ ಕಾಣುತ್ತದೆ ಅಂದಿರಲ್ಲ, ಅದು ಆ ಹಳೆಯ ನೆನಪೇ.

ಬಾದಾಮಿಯ 3ನೇ ಗುಹೆ ಮಹೇಂದ್ರವರ್ಮನ ಕಾಲಕ್ಕಿಂತ ಮುಂಚಿನದು. ಆದರೆ ಇಲ್ಲಿಯವರದು ಬೇರೆ ಕಷ್ಟ. ಮಹಾಬಲಿಪುರದ್ದು ಗ್ರಾನೈಟ್. ಅದಕ್ಕೇ ಅಲ್ಲಿನ ಮೂರ್ತಿಗಳಲ್ಲಿ ಒಡವೆ ಕಡಿಮೆ, ಮೈ ಸಪೂರ. ಕಂಚಿಯ ಕೈಲಾಸನಾಥ ಗುಡಿಗೆ ಬಂದರೆ ಮತ್ತೆ ಮರಳುಗಲ್ಲು.

ಆ ಕೈಲಾಸನಾಥ ಗುಡಿಯಲ್ಲಿ ಪ್ರತಿಯೊಬ್ಬ ಕನ್ನಡಿಗ ನೋಡಲೇಬೇಕಾದ ಒಂದು ಕಂಬ ಇದೆ. ಅದರ ಮೇಲೆ 2ನೇ ವಿಕ್ರಮಾದಿತ್ಯನ ಕನ್ನಡ ಶಾಸನ. ಕಂಚಿಯನ್ನು ಗೆದ್ದವನು ಈ ಗುಡಿಯ ಸಂಪತ್ತನ್ನು ನೋಡಿದ, ಮುಟ್ಟದೆ ದೇವರಿಗೇ ಬಿಟ್ಟುಕೊಟ್ಟ. ಅದಕ್ಕೂ ಸುಮಾರು 100 ವರ್ಷ ಹಿಂದೆ, 642ರಲ್ಲಿ, ಪಲ್ಲವ ನರಸಿಂಹವರ್ಮ ವಾತಾಪಿಯನ್ನು ಅಂದರೆ ಬಾದಾಮಿಯನ್ನು ಗೆದ್ದು ಅಲ್ಲಿನ ಬಂಡೆಯ ಮೇಲೆ ತನ್ನ ಶಾಸನ ಹಾಕಿದ್ದ. ಅದನ್ನು ಮರೆಯುವ ಮನೆತನವಲ್ಲ ಇವರದು. ಆದರೂ ಬಿಟ್ಟು ಬಂದ. ನಾನು ಮೊದಲ ಸಲ ಆ ಕನ್ನಡ ಅಕ್ಷರ ಮುಟ್ಟಿದಾಗ ಕಣ್ಣು ತುಂಬಿ ಬಂತು.

ಆ ಗುಡಿಯನ್ನು ನೋಡಿಯೇ ಪಟ್ಟದಕಲ್ಲಿನ ವಿರೂಪಾಕ್ಷವನ್ನು ಕಟ್ಟಿದರು ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. ನಿಮಗೆ ಹೇಗೆ ಅನ್ನಿಸುತ್ತದೆ?

ಗುಳೇದಗುಡ್ಡ ಮಾಸ್ತರ

ನೋಡಿದ್ದು ನಿಜ ಇರಬೇಕು, ನಕಲು ಮಾಡಿದ್ದು ಅಲ್ಲ. ಪಟ್ಟದಕಲ್ಲಿನಲ್ಲೇ ಸಂಗಮೇಶ್ವರ ಗುಡಿ ಇದೆ. ಅದನ್ನು ಮಾಡಿಸಿದ್ದು ವಿಕ್ರಮಾದಿತ್ಯನ ತಂದೆ ವಿಜಯಾದಿತ್ಯ, ಆಗ ಅದರ ಹೆಸರು ವಿಜಯೇಶ್ವರ. ಅದೂ ದ್ರಾವಿಡ ಶಿಖರವೇ. ಕಂಚಿಗೆ ದಂಡು ಹೋಗುವ ಮುಂಚೆಯೇ ಶುರುವಾದದ್ದು. ಬಾದಾಮಿಯ ಮಾಲೆಗಿತ್ತಿ ಶಿವಾಲಯ ಇನ್ನೂ ಹಳೆಯದು, 7ನೇ ಶತಮಾನದ್ದು. ಚಿಕ್ಕದಾದರೂ ಪೂರ್ತಿ ದ್ರಾವಿಡ. ನಮ್ಮವರಿಗೆ ಈ ಬಗೆ ಮೊದಲೇ ಕೈಗೆ ಹತ್ತಿತ್ತು.

ವಿರೂಪಾಕ್ಷದಲ್ಲಿ ಕಂಚಿಯದು ಏನು ಅಂತ ಹುಡುಕಿದರೆ ಗುಡಿಯ ಸುತ್ತ ಪ್ರಾಕಾರ, ಅದಕ್ಕೆ ಸೇರಿದ ಸಣ್ಣ ಗುಡಿಗಳು, ಇಡೀ ಯೋಜನೆಯ ದೊಡ್ಡತನ. ಆದರೆ ಶಿಖರದ ಮುಂದೆ ಮೂಗಿನ ಹಾಗೆ ಚಾಚಿದ ಶುಕನಾಸಿ ಇದೆಯಲ್ಲ, ಅದು ಕಂಚಿಯಲ್ಲಿ ಇಲ್ಲ. ಸಂಗಮೇಶ್ವರದಲ್ಲೂ ಇಲ್ಲ. ಅದು ಉತ್ತರದ ಬಗೆಯ ಗುಡಿಗಳದು. ಗುಂಡ ಆಚಾರಿ ಅದನ್ನು ತಂದು ದಕ್ಷಿಣದ ಶಿಖರಕ್ಕೆ ಇಟ್ಟ. ಆಮೇಲೆ ಕನ್ನಡ ನಾಡಿನ ಗುಡಿಗಳಲ್ಲಿ ಶುಕನಾಸಿ ಬಿಟ್ಟದ್ದೇ ಇಲ್ಲ, ಹೊಯ್ಸಳರ ತನಕ ಬಂತು. ಬೇಲೂರು ಹಳೇಬೀಡಿನ ಕಡೆಯವರು ಯಾರಾದರೂ ಇದ್ದರೆ ಹೇಳಿ.

ವಿರೂಪಾಕ್ಷದ ಪಕ್ಕದಲ್ಲೇ ಮಲ್ಲಿಕಾರ್ಜುನ. ಅದನ್ನು ಮಾಡಿಸಿದ್ದು ತ್ರೈಲೋಕ್ಯಮಹಾದೇವಿ, ಲೋಕಮಹಾದೇವಿಯ ತಂಗಿ. ಅಕ್ಕತಂಗಿ ಇಬ್ಬರೂ ಒಬ್ಬನೇ ರಾಜನ ರಾಣಿಯರು. ಗುಡಿಗಳೂ ಅಕ್ಕತಂಗಿಯರ ಹಾಗೇ ಅಕ್ಕಪಕ್ಕ.

ದೊಡ್ಡಗದ್ದವಳ್ಳಿ

ಮಾಸ್ತರರೇ, ಹಾಸನದ ಕಡೆಯಿಂದ ನಾನಿದ್ದೇನೆ. ಹೌದು, ನಮ್ಮ ಗುಡಿಗಳ ಶುಕನಾಸಿಯ ಮೇಲೆ ಹುಲಿಯನ್ನು ಇರಿಯುವ ಸಳನೂ ಬಂದು ಕೂತಿದ್ದಾನೆ. ನಮ್ಮಲ್ಲಿ ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗೆ, ಗಾಳಿಗೆ ಬಿದ್ದ ಮೇಲೆ ಗಟ್ಟಿ. ಶಿಲ್ಪಿಗಳು ಹೆಸರು ಬರೆಯುವುದು ಹೊಯ್ಸಳರ ಕಾಲದಲ್ಲಿ ಶುರುವಾಯಿತು ಅಂತ ನಾನು ಇಷ್ಟು ದಿನ ಅಂದುಕೊಂಡಿದ್ದೆ. ಬೇಲೂರಿನಲ್ಲಿ ದಾಸೋಜ, ಅವನ ಮಗ ಚಾವಣ, ಇಬ್ಬರೂ ಬಳ್ಳಿಗಾವೆಯವರು. ಅವರಿಗಿಂತ ಸುಮಾರು 400 ವರ್ಷ ಮೊದಲೇ ಬಲದೇವ ಅಪ್ಪನ ಹೆಸರು ಸೇರಿಸಿ ಬರೆದಿದ್ದಾನೆ ಅನ್ನುವುದು ಇವತ್ತು ಗೊತ್ತಾಯಿತು.

ವಾಸ್ತು ವಿದ್ಯಾರ್ಥಿ

ಒಂದು ಸೇರಿಸಬೇಕು. ಪಟ್ಟದಕಲ್ಲಿನ ಉತ್ತರಕ್ಕೆ ಸುಮಾರು 5 ಕಿಲೋಮೀಟರ್ ದೂರದಲ್ಲಿ ಶಂಕರಲಿಂಗನ ಗುಂಡು ಅನ್ನುವ ಜಾಗ ಇದೆ. ಹಳೆಯ ಕಲ್ಲುಗಣಿ. ಅಲ್ಲಿನ ಬಂಡೆಗಳ ಮೇಲೂ ಹೆಸರುಗಳನ್ನು ಕೆತ್ತಿದ್ದಾರೆ. ಗುಡಿಯಲ್ಲಿ ಹೆಸರು ಬರೆಸುವುದು ಒಂದು. ಜನ ಬಾರದ ಗಣಿಯಲ್ಲಿ ಬರೆದುಕೊಳ್ಳುವುದು ಇನ್ನೊಂದು. ನಮ್ಮ ಪಾಠದಲ್ಲಿ ಈ ಗಣಿಯ ಮಾತೇ ಬರಲಿಲ್ಲ. ಕಟ್ಟಡ ಓದುವವರಿಗೆ ಕಲ್ಲು ಎಲ್ಲಿಂದ ಬಂತು ಅಂತ ಹೇಳಿಕೊಡದಿದ್ದರೆ ಹೇಗೆ?

ಹೊಸ ಸದಸ್ಯ

ಐಹೊಳೆಯ ಗುಡಿಗಳಿಗೆ ಹುಚ್ಚಪ್ಪಯ್ಯ, ಗೌಡರ ಗುಡಿ, ಅಂಬಿಗೇರ ಗುಡಿ ಅಂತ ಯಾಕೆ ಹೆಸರು?

ಗುಳೇದಗುಡ್ಡ ಮಾಸ್ತರ

ಗುಡಿಯಲ್ಲಿ ಪೂಜೆ ನಿಂತ ಮೇಲೆ ಜನ ಅದರಲ್ಲಿ ಮತ್ತು ಅದರ ಸುತ್ತ ಮನೆ ಮಾಡಿಕೊಂಡರು. ಅಲ್ಲಿದ್ದವರ ಹೆಸರೇ ಗುಡಿಗೆ ಉಳಿಯಿತು. ಲಾಡಖಾನ್ ಕೂಡ ಅಲ್ಲಿ ವಾಸ ಇದ್ದ ಒಬ್ಬ ಮನುಷ್ಯ. ಕೆಲವರು ಇದನ್ನು ಅವಮಾನ ಅನ್ನುತ್ತಾರೆ, ನನಗೆ ಹಾಗೆ ಅನ್ನಿಸುವುದಿಲ್ಲ. ಅಡುಗೆ ಹೊಗೆ ಹತ್ತಿದರೂ ಆ ಗುಡಿಗಳು ಉಳಿದವು. ಹುಚ್ಚಪ್ಪಯ್ಯನ ಗುಡಿಯ ಚಾವಣಿಯಲ್ಲಿದ್ದ ಬ್ರಹ್ಮ, ವಿಷ್ಣು, ಶಿವರ ದೊಡ್ಡ ಚಪ್ಪಡಿಗಳು ಈಗ ಮುಂಬೈ ಮ್ಯೂಸಿಯಂನಲ್ಲಿವೆ. ಅಲ್ಲಿ ಚೆನ್ನಾಗಿ ಇಟ್ಟಿದ್ದಾರೆ, ನೋಡಿ ಬಂದಿದ್ದೇನೆ. ಆದರೆ ಚಾವಣಿಗೆ ಅಂತ ಮಾಡಿದ್ದು. ಕತ್ತು ಎತ್ತಿ ನೋಡಬೇಕಾದ ದೇವರನ್ನು ಎದುರಿಗೆ ನಿಂತು ನೋಡುವುದು ನನಗೆ ಇನ್ನೂ ಒಗ್ಗಿಲ್ಲ.

ತುಮಕೂರಿನ ಸಂಪಿಗೆ

ಎಲ್ಲರಿಗೂ ತುಂಬಾ ಧನ್ಯವಾದ. ಇದನ್ನೆಲ್ಲ ಅಮ್ಮನಿಗೆ ಓದಿ ಹೇಳಿದೆ. ಮತ್ತೆ ಹೋಗೋಣ ಅಂತ ಅವರೇ ಹೇಳುತ್ತಿದ್ದಾರೆ. ಮಾಸ್ತರರೇ, ಗುಂಡ ಆಚಾರಿಯ ಹೆಸರು ಮತ್ತು ಕಲ್ಮನೆಯ ಬರಹ ಎರಡನ್ನೂ ಕಣ್ಣಾರೆ ನೋಡಬೇಕು. ಯಾವ ಹೊತ್ತಿನಲ್ಲಿ ಹೋದರೆ ಅಕ್ಷರ ಕಾಣುತ್ತದೆ? ಅಮ್ಮನಿಗೆ ಮಂಡಿ ನೋವು, ಜಾಸ್ತಿ ಓಡಾಡುವುದು ಕಷ್ಟ.

ಗುಳೇದಗುಡ್ಡ ಮಾಸ್ತರ

ಸೂರ್ಯ ನೆತ್ತಿಗೆ ಬಂದ ಮೇಲೆ ಹೋಗಬೇಡಿ ತಂಗೀ, ಅಕ್ಷರ ಕಲ್ಲಿನಲ್ಲಿ ಕರಗಿಬಿಡುತ್ತವೆ. ಬಿಸಿಲು ಓರೆಯಾಗಿ ಬಿದ್ದರೆ ಮಾತ್ರ ಏಳುತ್ತವೆ. ವಿರೂಪಾಕ್ಷಕ್ಕೆ ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಹೋಗಿ. ಅಲ್ಲಿ ಇವತ್ತಿಗೂ ಪೂಜೆ ನಡೆಯುತ್ತದೆ, ಒಳಗೆ ದೀಪ ಇರುತ್ತದೆ. ಒಳಗಿನ ಕಂಬಗಳಿಗೆ ಬ್ಯಾಟರಿ ತಗೊಂಡು ಹೋಗಿ, ರಾವಣನ ಜೊತೆ ಜಟಾಯು ಕಾದಾಡುವ ಕಂಬವನ್ನು ಅಮ್ಮನಿಗೆ ತೋರಿಸಿ. ಪಟ್ಟದಕಲ್ಲಿನಲ್ಲಿ ನೆಲ ಸಮ ಇದೆ, ಮಂಡಿಗೆ ತೊಂದರೆ ಇಲ್ಲ.

ಬಾದಾಮಿಯ ಗುಹೆಗಳು ಉತ್ತರಕ್ಕೆ ಮುಖ ಮಾಡಿವೆ. ಅಲ್ಲಿಗೆ ಸಂಜೆ ಹೋಗಿ. 3ನೇ ಗುಹೆಗೆ ಮೆಟ್ಟಿಲು ಹತ್ತಬೇಕು, ನಡುನಡುವೆ ಕೂರಲು ಜಾಗ ಇದೆ, ಅವಸರ ಮಾಡಬೇಡಿ. ಕಲ್ಮನೆಯ ಬರಹ ಗುಹೆಯ ಹೊರಗಿದೆ, ಒಳಗೆ ಹುಡುಕಿ ಹೊತ್ತು ಕಳೆಯಬೇಡಿ. ಬರುವ ಎರಡು ದಿನ ಮೊದಲು ಇಲ್ಲೇ ಒಂದು ಸಾಲು ಬರೆಯಿರಿ. ಭಾನುವಾರ ಆದರೆ ನಾನೇ ಬರುತ್ತೇನೆ, ಅಕ್ಷರದ ಮೇಲೆ ಬೆರಳಿಟ್ಟು ತೋರಿಸುತ್ತೇನೆ.

ಕಲ್ಲು ಕೆಲಸದವ

ಅಕ್ಕಾ, ದಿನ ಗೊತ್ತಾದರೆ ನನಗೂ ತಿಳಿಸಿ. ನನ್ನ ಹತ್ತಿರ ಕೆಲಸ ಕಲಿಯುತ್ತಿರುವ ಇಬ್ಬರು ಹುಡುಗರಿದ್ದಾರೆ. ಅವರಿಗೆ ಮಲ್ಲಿಕಾರ್ಜುನ ಗುಡಿಯ ಆ ಅರ್ಧ ಕೆಲಸ ತೋರಿಸಬೇಕು ಅಂತ ಬಹಳ ದಿನದಿಂದ ಇದೆ.